ಎದುರುಮನೆ ದೊಡ್ಡಮ್ಮನ ರಾಗಿ ಸರಿ

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿ ಮೊಳಕೆಯೊಡೆಯುವಾಗ ಒಂದು ವಾಸನೆ ಬರುತ್ತದೆ. ಒಂದಿಷ್ಟು ಹುಳಿ, ಒಂದಿಷ್ಟು ಹಸಿ ಮಣ್ಣು. ಹೋದ ವಾರ ನನ್ನ ಸೊಸೆ ತನ್ನ ಮೊಮ್ಮಗುವಿಗೆಂದು ರಾಗಿ ನೆನೆಹಾಕಿದ್ದಳು. ಬೆಳಗ್ಗೆ ಅಡುಗೆಮನೆಗೆ ಹೋದವಳು ಗಂಟಿನ ಮೇಲೆ ಮುಚ್ಚಿದ್ದ ತಟ್ಟೆ ಎತ್ತಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತು ದಾಟಿದ ನಾನು ಹತ್ತು ವರ್ಷದವಳಾಗಿ ಮಧುಗಿರಿಯ ನಮ್ಮ ಬೀದಿಯಲ್ಲಿ ನಿಂತಿದ್ದೆ. ಎದುರಿಗೆ ದೊಡ್ಡಮ್ಮನ ಮನೆ...

ದೊಡ್ಡಮ್ಮ ನಮಗೆ ನೆಂಟಳಲ್ಲ. ಬೀದಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಗೌಡಗೆರೆ ಕಡೆಯ ಬೇಸಾಯಗಾರರ ಮಗಳು. ಮದುವೆಯಾಗಿ ಮಧುಗಿರಿಗೆ ಬಂದವಳು ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಅದಕ್ಕೇ ಬೀದಿಯ ಹೆಂಗಸರು ಅವಳನ್ನು ನಾಮಕರಣಕ್ಕೆ ಕರೆದರೂ ತೊಟ್ಟಿಲ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳೂ ಬಾಗಿಲ ಪಕ್ಕದಲ್ಲೇ ಕೂತು, ಎಲೆಅಡಿಕೆ ಹಾಕಿಕೊಂಡು, ಎದ್ದು ಹೋಗುತ್ತಿದ್ದಳು.

ಮಹಾರಾಜರ ಕಾಲ ಅದು. ಎಲ್ಲೋ ದೂರದಲ್ಲಿ ನಡೆಯುತ್ತಿದ್ದ ಯುದ್ಧದ ಬಿಸಿ ನಮ್ಮೂರ ಅಂಗಡಿಗಳಿಗೂ ತಟ್ಟಿತ್ತು. ಸೀಮೆಎಣ್ಣೆ ಇಲ್ಲ, ಅಕ್ಕಿ ಇಲ್ಲ. ಆ ವರ್ಷವೇ ನಮ್ಮಮ್ಮನಿಗೆ ವಿಷಮಶೀತ ಜ್ವರ ಬಂತು. ತಮ್ಮನಿಗೆ ಆಗ ಏಳು ತಿಂಗಳು. ಅಮ್ಮನ ಎದೆಹಾಲು ಬತ್ತಿಹೋಯಿತು. ಹಸುವಿನ ಹಾಲು ಕುಡಿಸಿದರೆ ಮಗು ಅರೆಗಳಿಗೆಯಲ್ಲಿ ಕಕ್ಕಿಬಿಡುತ್ತಿತ್ತು, ಇಲ್ಲವೇ ಭೇದಿ. ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಡಬ್ಬದಲ್ಲಿ ಬರುವ ಮಕ್ಕಳ ಹಾಲಿನ ಪುಡಿ ಸಿಕ್ಕರೆ ತನ್ನಿ ಎಂದು ಚೀಟಿ ಬರೆದುಕೊಟ್ಟರು. ಸ್ಕೂಲು ಮೇಷ್ಟರಾಗಿದ್ದ ಅಪ್ಪ ರಜಾ ಹಾಕಿ, ತುಮಕೂರಿನವರೆಗೂ ಹೋಗಿ, ಅದೇ ಚೀಟಿ ಹಿಡಿದು ವಾಪಸು ಬಂದರು. ಕೊನೆಕೊನೆಗೆ ತಮ್ಮ ಅಳುವುದನ್ನೂ ಬಿಟ್ಟ. ಬಾಯಿ ತೆರೆಯುತ್ತಿದ್ದ, ದನಿ ಮಾತ್ರ ಹೊರಡುತ್ತಿರಲಿಲ್ಲ. ಮನೆ ಅಷ್ಟು ನಿಶ್ಶಬ್ದವಾದದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಒಂದು ಮಧ್ಯಾಹ್ನ ದೊಡ್ಡಮ್ಮ ನಮ್ಮ ಹೊಸಿಲ ಹೊರಗೆ ಬಂದು ನಿಂತಳು. ಕೈಯಲ್ಲಿ ಸೆರಗು ಮುಚ್ಚಿದ ಒಂದು ಬಟ್ಟಲು.

"ರಾಗಿ ಹಾಲು ಕಣಮ್ಮ. ನೆನೆಸಿ, ರುಬ್ಬಿ, ಬಟ್ಟೇಲಿ ಹಿಂಡಿ, ತೆಳ್ಳಗೆ ಕಾಯಿಸಿವ್ನಿ. ಮಗೀಗೆ ಒಂದ್ ಒಳ್ಳೆ ಕುಡಿಸಿ ನೋಡಿ."

ಒಳ್ಳೆ ಎಂದರೆ ಕೂಸುಗಳಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು. ನಮ್ಮಜ್ಜಿ, ಅಪ್ಪನ ತಾಯಿ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ಏಳಲೂ ಇಲ್ಲ.

"ಹೆತ್ತು ಹೊತ್ತು ಗೊತ್ತಿಲ್ಲದೋಳಿಗೆ ಮಗೀನ ಹೊಟ್ಟೆ ಹೆಂಗೆ ಗೊತ್ತಾದೀತು? ನಿನ್ನ ಕೈ ತಾಕೋದು ಬ್ಯಾಡ, ಹೋಗು."

ನಾನು ಕಂಬ ಹಿಡಿದು ನಿಂತಿದ್ದೆ. ದೊಡ್ಡಮ್ಮ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡೆ. ಅವಳು ಎರಡನ್ನೂ ಮಾಡಲಿಲ್ಲ. ಹೊಸಿಲ ಮೇಲೆ ಬಟ್ಟಲಿಟ್ಟಳು.

"ನಮ್ಮವ್ವ ಹನ್ನೊಂದು ಹೆತ್ತಳು ಅತ್ತೆಮ್ಮ. ಹಿರೀ ಮಗಳು ನಾನು. ಕಡೇ ಏಳನ್ನ ಸಾಕಿದ್ದು ಈ ಕೈಯೇ. ಆದ್ರೂ ನನ್ನ ಕೈ ಬ್ಯಾಡ ಬುಡಿ, ನೀವೇ ಕುಡಿಸಿ. ಅದಕ್ಕೆ ಬೇಕಾಗಿರೋದು ರಾಗಿ, ನನ್ನ ಕೈಯಲ್ಲ."

ಅಷ್ಟು ಹೇಳಿ ಹೊರಟೇ ಹೋದಳು. ಬಟ್ಟಲು ಅಲ್ಲೇ ಇತ್ತು. ಒಳಗಿನ ಕೋಣೆಯಿಂದ ಅಮ್ಮನ ಕ್ಷೀಣ ದನಿ ಕೇಳಿಸಿತು: "ಅತ್ತೆ... ಕುಡಿಸಿ."

ಅಜ್ಜಿ ಮಗುವಿನ ಒಣಗಿದ ತುಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಬಟ್ಟಲು ತರಲು ನನಗೆ ಹೇಳಿದಳು. ಮೊದಲ ಗುಟುಕು ಕಟವಾಯಿಂದ ಹರಿದುಹೋಯಿತು. ಎರಡನೆಯದನ್ನು ತಮ್ಮ ನುಂಗಿದ. ಕಕ್ಕುತ್ತಾನೆಂದು ಅಜ್ಜಿ ಬಟ್ಟೆ ಹಿಡಿದು ಕಾದಳು. ಗಳಿಗೆ ಕಳೆಯಿತು, ಎರಡು ಗಳಿಗೆ ಕಳೆಯಿತು. ಅವನು ಕಕ್ಕಲಿಲ್ಲ, ನಿದ್ದೆ ಹೋದ. ಸಾಯಂಕಾಲ ಎದ್ದು ಅತ್ತ. ಗಂಟಲು ಬಿಚ್ಚಿ, ಬೀದಿಗೆಲ್ಲ ಕೇಳುವಂತೆ ಅತ್ತ! ಸ್ಕೂಲಿನಿಂದ ಬರುತ್ತಿದ್ದ ಅಪ್ಪ ಆ ಅಳು ಕೇಳಿ ಬೀದಿಯ ತುದಿಯಿಂದ ಓಡಿಬಂದರು.

ಅಜ್ಜಿ ಎದ್ದು, ಸೆರಗು ಸರಿಮಾಡಿಕೊಂಡು, ಬೀದಿ ದಾಟಿದಳು. ನಾನು ಹಿಂದೆಯೇ ಹೋದೆ. ದೊಡ್ಡಮ್ಮ ಆಗಲೇ ರಾಗಿ ಗಾಲಿಸುತ್ತಾ ಕೂತಿದ್ದಳು. ತಟ್ಟೆಯಲ್ಲಿ ನೀರು ತಿರುಗಿಸಿ ತಿರುಗಿಸಿ, ರಾಗಿ ಜಾರಿಸಿ, ಕಲ್ಲು ಉಳಿಸಿಕೊಳ್ಳುವ ಕೆಲಸ. ಅಜ್ಜಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, "ಮುಂದಕ್ಕೇನು ಮಾಡೋದು, ನೀನು ಹೇಳು" ಅಂದಳು. ದೊಡ್ಡಮ್ಮ ತಟ್ಟೆಯನ್ನು ಅವಳ ಕಡೆ ಸರಿಸಿ, "ಇಂಗೆ ತಿರುಗ್ಸಿ" ಅಂದಳು. ರಾಜಿ ಪಂಚಾಯಿತಿ ಅಷ್ಟೇ.

ರಾಗಿ ಹಾಲು ನಾಲ್ಕೈದು ದಿನದ ಆಸರೆ, ಮೈ ತುಂಬಬೇಕಾದರೆ ಮೊಳಕೆ ಹಿಟ್ಟೇ ಬೇಕು ಅನ್ನುವುದು ದೊಡ್ಡಮ್ಮನ ಲೆಕ್ಕ. ತೊಳೆದ ರಾಗಿ ಒಂದು ರಾತ್ರಿ ನೆನೆದು, ಎರಡು ದಿನ ಪಂಚೆಯ ತುಂಡಿನಲ್ಲಿ ಗಂಟಾಗಿ ತೂಗಿತು. ಬಿಳಿ ಮೊಳಕೆ ಬಟ್ಟೆಯನ್ನೇ ತೂರಿ ಹೊರಗೆ ಇಣುಕಿತು. ಮನೆಗಳ ಹಿಂದಿನ ಬಂಡೆಯ ಮೇಲೆ ಹರವಿದೆವು. ಮಧುಗಿರಿಯ ಬಂಡೆಯ ಕಾವಿಗೆ ಒಂದೇ ದಿನಕ್ಕೆ ಗಲಗಲ ಒಣಗಿತು. ಗುಬ್ಬಿ ಓಡಿಸುವ ಕೆಲಸ ನನ್ನದು. ಆಮೇಲೆ ಉಜ್ಜಿ, ಮೊರದಲ್ಲಿ ಕೇರಿ ಮೊಳಕೆ ಉದುರಿಸಿ, ಹದವಾಗಿ ಹುರಿದು, ಬೀಸೋಕಲ್ಲಿಗೆ ಹಾಕಿದರು. ಕಲ್ಲಿನ ಒಂದು ಕಡೆ ಅಜ್ಜಿ, ಇನ್ನೊಂದು ಕಡೆ ದೊಡ್ಡಮ್ಮ, ಗೂಟಕ್ಕೆ ಇಬ್ಬರ ಕೈ. ಬೀಸಿದ ಹಿಟ್ಟನ್ನು ಹಳೇ ಸೀರೆಯ ತೆಳು ಬಟ್ಟೆಯಲ್ಲಿ ಜರಡಿ ಹಿಡಿದಾಗ ಕೆಳಗೆ ಬಿದ್ದದ್ದು ಹಿಟ್ಟೋ ಹೊಗೆಯೋ ಅನ್ನುವಷ್ಟು ನುಣುಪು. ಅದನ್ನು ನೀರಲ್ಲಿ ಕದಡಿ, ಗಂಟಾಗದಂತೆ ಕೈಬಿಡದೆ ತಿರುವಿ, ಚೂರು ಬೆಲ್ಲ, ಒಂದು ಹನಿ ತುಪ್ಪ ಹಾಕಿದರೆ ರಾಗಿ ಸರಿ.

ಆರನೆಯ ದಿನವೋ ಏಳನೆಯ ದಿನವೋ... ಸರಿಯ ಬಟ್ಟಲು ಹಿಡಿದು ಕೂತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಮಗುವನ್ನು ಎತ್ತಿ ದೊಡ್ಡಮ್ಮನ ಮಡಿಲಿಗೆ ಹಾಕಿದಳು. "ನನಗೆ ಸೊಂಟ ನೋವು. ನೀನೇ ತಿನ್ನಿಸು."

ಅಜ್ಜಿಗೆ ಸೊಂಟ ನೋವಿರಲಿಲ್ಲ. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಅವಳು ಸರಿಯನ್ನು ಬೆರಳಲ್ಲಿ ತೆಗೆದು, ಊದಿ ಊದಿ ಆರಿಸಿ, ಅವನ ಬಾಯಿಗಿಟ್ಟಳು.

ಎರಡು ತಿಂಗಳಾದ ಮೇಲೆ, ಅಷ್ಟರಲ್ಲಿ ಎದ್ದು ಓಡಾಡುತ್ತಿದ್ದ ಅಮ್ಮ ಮತ್ತು ಅಜ್ಜಿ, ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ದೊಡ್ಡಮ್ಮನೂ ನಾನೂ ಜೊತೆಗಿದ್ದೆವು. ಡಾಕ್ಟರು ಮಗುವನ್ನು ಎತ್ತಿ, ತೊಡೆ ಹಿಸುಕಿ, ನಂಬದೆ ಅಮ್ಮನ ಮುಖ ನೋಡಿದರು.

"ಡಬ್ಬ ಎಲ್ಲಿ ಸಿಕ್ತಮ್ಮ?"

"ಡಬ್ಬ ಅಲ್ಲ ಡಾಕ್ಟ್ರೇ" ಎಂದು ಅಜ್ಜಿ, ಹಿಂದೆ ನಿಂತಿದ್ದ ದೊಡ್ಡಮ್ಮನ ತೋಳು ಹಿಡಿದು ಮುಂದಕ್ಕೆ ಎಳೆದಳು. "ಇವಳು. ಇವಳು ಉಳಿಸಿದ್ದು."

ಡಾಕ್ಟರು ದೊಡ್ಡಮ್ಮನಿಗೆ ಕುರ್ಚಿ ಹಾಕಿಸಿದರು. ಅವಳು ಕೂರಲಿಲ್ಲ, ನಿಂತುಕೊಂಡೇ ಮಾಡುವ ಬಗೆಯನ್ನೆಲ್ಲ ಹೇಳಿದಳು. ಮಾರನೆಯ ವಾರದಿಂದ ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ನಮ್ಮ ಬೀದಿ ಹುಡುಕಿಕೊಂಡು ಬರತೊಡಗಿದರು. ಊರವರು, ಸುತ್ತಲ ಹಳ್ಳಿಯವರು, ಕೊರಟಗೆರೆಯಿಂದ ಗಾಡಿ ಕಟ್ಟಿಕೊಂಡು ಬಂದವರು. ದೊಡ್ಡಮ್ಮನ ಅಂಗಳದಲ್ಲಿ ಒಮ್ಮೊಮ್ಮೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಗಿಲಲ್ಲಿ ನಮ್ಮಜ್ಜಿಯದೇ ಕಾವಲು: "ಕೈಕಾಲು ತೊಳ್ಕೊಂಡು ಬನ್ರೇ! ಆಯಮ್ಮ ಹೇಳಿದಂಗೆ ಮಾಡ್ರೇ!" ಹಿಂದಿನ ಬಂಡೆ ಮೇಲೆ ಆ ಬೇಸಿಗೆಯೆಲ್ಲ ರಾಗಿಯೋ ರಾಗಿ. ಬೀದಿಯಲ್ಲಿ ಮುಂದಿನ ನಾಮಕರಣವಾದಾಗ, ಮಗುವನ್ನು ತೊಟ್ಟಿಲಿಗೆ ಹಾಕಲು ದೊಡ್ಡಮ್ಮನೇ ಬೇಕೆಂದು ಆ ಬಾಣಂತಿ ಹಟ ಹಿಡಿದಳು. ಅವತ್ತು ದೊಡ್ಡಮ್ಮ ಹಸಿರು ಸೀರೆ ಉಟ್ಟಿದ್ದಳು. ಬಾಗಿಲ ಹತ್ತಿರ ಕೂರದೆ ನೇರ ಒಳಗೆ ನಡೆದಳು.

ನನ್ನ ಮದುವೆಯಾಗಿ ನಾನು ಪಾವಗಡಕ್ಕೆ ಬಂದೆ. ದೊಡ್ಡಮ್ಮ ತೀರಿಕೊಂಡ ಸುದ್ದಿ ನನಗೆ ಕಾಗದದಲ್ಲಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಣ್ಣು ಹಾಕುವವರು ಯಾರು ಎಂದು ಜನ ಗುಸುಗುಸು ಅನ್ನುತ್ತಿದ್ದರಂತೆ. ಹಣ್ಣುಹಣ್ಣು ಮುದುಕಿಯಾಗಿದ್ದ ನಮ್ಮಜ್ಜಿ ಕೋಲೂರಿ ಎದ್ದು, "ಯಾರು ಅಂದ್ರೆ? ಮಗ ಇಲ್ವೇನ್ರೋ ಅವಳಿಗೆ?" ಎಂದು ತಮ್ಮನನ್ನು ಮುಂದಕ್ಕೆ ಕಳಿಸಿದಳಂತೆ. ಆಗವನಿಗೆ ಹದಿನೆಂಟು. ಆರಡಿ ಎತ್ತರದ ಆಳು.

ತಮ್ಮ ಈಗ ಶಿರಾದಲ್ಲಿದ್ದಾನೆ, ಮೊಮ್ಮಕ್ಕಳ ಜೊತೆ. ಅಜ್ಜಿ, ಅಪ್ಪ, ಅಮ್ಮ ಯಾರೂ ಇಲ್ಲ. ಕಡೆಯ ಸಲ ದೊಡ್ಡಮ್ಮನ ಮುಖ ನೋಡಲು ನನಗಾಗಲಿಲ್ಲ ಅನ್ನುವ ಸಂಕಟ ಇವತ್ತಿಗೂ ಹೋಗಿಲ್ಲ. ಆದರೆ ಅವಳನ್ನು ನೆನೆದಾಗ ಕಣ್ಣ ಮುಂದೆ ಬರುವುದು ಸಾವಲ್ಲ. ಅಂಗಳದ ತುಂಬ ಕೂಸುಗಳು ಅಳುತ್ತಿವೆ, ತಾಯಂದಿರು ಕಿರುಚಾಡುತ್ತಿದ್ದಾರೆ, ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾಳೆ... ಆ ನಗು ನನ್ನ ಕಿವಿಯಲ್ಲಿದೆ. ಅದನ್ನು ಕೇಳಿದವರು ಈಗ ನಾವು ಇಬ್ಬರೋ ಮೂವರೋ ಉಳಿದಿದ್ದೇವೆ.