ನೀಲಕಂಠನ ಜೋಡಿಗೂಡುಗಳು

ನೀಲಕಂಠನ ಮಣ್ಣು ಮುಗಿದು ವಾರವಾದ ಮೇಲೆ ಅವನ ಹುಳುಮನೆಯ ಬಾಗಿಲು ತೆಗೆದೆ. ಒಳಗೆ ಒಂದು ಗೂಡೂ ಇರಲಿಲ್ಲ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಯಾರೋ ತೊಳೆದು ಗೋಡೆಗೆ ಒರಗಿಸಿದ್ದರು.

ಮಾಗಡಿ ಕಡೆಯ ಈ ಗೆಳೆಯ ಮೂರು ಕಂಪನಿ ಕಟ್ಟಿದ. ಮೂರಕ್ಕೂ ಮೂಲ ನಮ್ಮ ವಿಶ್ವವಿದ್ಯಾಲಯದ ತಳಿವಿಜ್ಞಾನ ಪ್ರಯೋಗಾಲಯ. ನಾನು ಪ್ರಬಂಧ ಬರೆದು ಮರೆತದ್ದನ್ನು ಅವನು ಓದಿ, ಬಸ್ಸು ಹತ್ತಿ ಬಂದುಬಿಡುತ್ತಿದ್ದ. "ಲೇ ಅನಂತ, ಇದ್ನ ಕಪಾಟಲ್ಲಿಟ್ಟು ಪೂಜೆ ಮಾಡ್ತೀಯೇನ್ಲಾ?" ಮೊದಲನೆಯದು ಮುಚ್ಚಿತು. ಎರಡನೆಯದು ಪಾಲುದಾರರ ಕೈಸೇರಿತು. ಮೂರನೆಯದರಲ್ಲಿದ್ದದ್ದು ಹಾಲುರೋಗ ತಗುಲಿದರೂ ಸಾಯದ ರೇಷ್ಮೆಹುಳು. ಯೋಜನೆ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಆ ತಳಿಯನ್ನು ಸಾಕುವವರಿರಲಿಲ್ಲ. ಅದು ಇವನ ಹುಳುಮನೆಯಲ್ಲಿ ಮಾತ್ರ ಉಳಿದಿತ್ತು. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಮಾರನೆಯ ಬೆಳಿಗ್ಗೆ, ಹಾರೋಹಳ್ಳಿ ರಸ್ತೆಯಲ್ಲಿ, ಅವನ ಬೈಕಿಗೆ ಲಾರಿ ಬಡಿಯಿತು.

ಗೂಡು ಮಾರಿದವರು ಅವನ ದೊಡ್ಡಪ್ಪ ಕಾಡಸಿದ್ದಪ್ಪ.

"ಚಿಟ್ಟೆ ತೂತು ಮಾಡ್ಕಂಡು ಆಚೆ ಬಂದ್ರೆ ಆ ಗೂಡ ಯಾರಪ್ಪ ಕೇಳ್ತಾರೆ? ಅವನ್ ಹೆಂಡ್ತಿ ಅಳ್ತಾ ಕುಂತವ್ಳೆ, ಅವ್ಳಿಗ್ಯಾಕೆ ಇದೂ ಒಂದು ತಲೆನೋವು ಅಂತ ಮಾರ್ಕೆಟ್ಟಿಗೆ ಹಾಕ್ಬುಟ್ಟೆ."

ಬದುಕಿಡೀ ಗೂಡು ಮಾರಿದ ಮನುಷ್ಯ. ಮೊಟ್ಟೆಗಾಗಿ, ಚಿಟ್ಟೆ ಬರಲೆಂದೇ ಗೂಡು ಇಟ್ಟುಕೊಳ್ಳುವವರಿದ್ದಾರೆಂದು ಅವರಿಗೆ ಹೊಳೆದಿರಲಿಲ್ಲ. ಕೊಂಡವರು ಯಾರೆಂದು ಕೇಳಿಕೊಂಡೆ.

ಕೊಂಡವರು ರಾಮನಗರದಲ್ಲಿ ನೂಲು ತೆಗೆಯುವ ಅಸದುಲ್ಲಾ. ಓಡಿದೆ. ಅಲ್ಲಿ ನೀರು ಕುದಿಯುತ್ತಿತ್ತು.

"ಎಲ್ಲಾ ಆವಿಗೆ ಹಾಕಿ ಆಯ್ತು ಸಾರ್. ಒಂದು ಫೋನ್ ಮಾಡ್ಬಾರ್ದಾ?" ಎಂದವರು ಆಮೇಲೆ ಮೂಲೆಯ ಕುಕ್ಕೆ ತೋರಿಸಿದರು. "ಜೋಡಿಗೂಡು ಬೇರೆ ತೆಗ್ದಿವ್ನಿ. ಎರಡು ಹುಳ ಒಂದ್ರಲ್ಲೇ ಕಟ್ಟಿದ್ರೆ ನೂಲು ಸಿಕ್ಕಾಕ್ಕೊಳ್ತದೆ. ಅವು ಜೀವಂತ ಅವೆ, ತಗೊಂಡೋಗಿ."

ನೀಲಕಂಠನ ಹೆಂಡತಿ ಹೇಮಶ್ರೀ ಕುಕ್ಕೆಯನ್ನು ನಡುಮನೆಯಲ್ಲೇ ಇಡಿಸಿಕೊಂಡಳು. ಚಿಟ್ಟೆಗಳು ಬಂದವು. ಗಂಡು ಚಿಟ್ಟೆಗಳು ಹಾರಲಾರವು. ಕೂತಲ್ಲೇ ರೆಕ್ಕೆ ಬಡಿಯುತ್ತವೆ.

"ಅವ್ರು ಪೇಪರ್ ತಿರುವಿದಂಗೇ ಕೇಳ್ತದಣ್ಣ. ಕಾಫಿ ಬೇಕಾ ಅಂದ್ಬುಟ್ಟಿರ್ತೀನಿ," ಎಂದಳು.

ಮೊಟ್ಟೆಯಿಟ್ಟ ತಾಯಿಚಿಟ್ಟೆಗಳನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಕಂಡರೆ ಮೊಟ್ಟೆಗಳನ್ನು ಸುಡಬೇಕು. ಅದು ಯಾವಾಗಲೂ ಅವನ ಕೆಲಸವಾಗಿತ್ತು. ಈ ಸಲ ನಾನು ಅರೆದೆ. ಕಣ್ಣು ಮಂಜಾಗಿ ಮತ್ತೆ ಮತ್ತೆ ನೋಡಿದೆ. ರೋಗವಿರಲಿಲ್ಲ.

"ತಳಿ ಉಳೀತು ಕಣಮ್ಮ," ಎಂದೆ. ಹೇಮಶ್ರೀ ಖಾಲಿ ಗೂಡುಗಳನ್ನು ಕುಕ್ಕೆಗೆ ತುಂಬತೊಡಗಿದಳು.

ಹುಳುಮನೆಯಲ್ಲಿ ಮೊಟ್ಟೆ ಒಡೆದು ಮರಿಹುಳು ಬಂದ ದಿನ ಕಾಡಸಿದ್ದಪ್ಪ ಎಳೆಯ ಹಿಪ್ಪುನೇರಳೆ ಸೊಪ್ಪು ತಂದಿಟ್ಟು ಹೋದರು. ಹೇಮಶ್ರೀ ಹುಳುಮನೆಯ ಹೊಸಿಲವರೆಗೆ ಬಂದು ನಿಂತಳು.

"ಬಾಮ್ಮ, ನೋಡು," ಎಂದೆ ಒಳಗಿನಿಂದ.

"ಹೊರಗಿದ್ರೆ, ಅವ್ರು ಒಳಗವ್ರೆ ಅನ್ಸ್ತದಣ್ಣ," ಎಂದಳು. "ಬಂದು ನೋಡಿದ್ರೆ ಇರಕಿಲ್ವಲ್ಲ."

ನಾನೊಬ್ಬನೇ ಸೊಪ್ಪು ಹೆಚ್ಚಿ ಹಾಕಿದೆ. ಅವಳಿಗೆ ಬೆನ್ನಷ್ಟೇ ಕಾಣಲಿ, ಅವನೇ ಅನ್ನಿಸಲಿ ಎಂದು ಹಿಂದೆ ತಿರುಗಿ ನೋಡಲಿಲ್ಲ.