ಗಾದ್ರಮ್ಮ ಮಡಚಿದ ಕಾಲು

ಶಿವನನ್ನು ನಂಬಿದ ತಾಯಂದಿರೇ, ತಂದೆಗಳಿರಾ, ಕೈಯ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕಿವಿಗೊಡಿರಿ. ಇದು ಮಠ ಕಟ್ಟಿಸಿದವರ ಕಥೆಯಲ್ಲ. ಕೆರೆಬಿಳಚಿಯಲ್ಲಿ ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆದು ಬದುಕುವ ಗಾದ್ರಮ್ಮನ ಕಥೆ.

ಮೂವತ್ತು ವರ್ಷಗಳಿಂದ ಆ ಊರಿನ ಕೂಸುಗಳು ಆಕೆ ಮಣೆಯ ಮೇಲೆ ಕುಳಿತು ಉದ್ದಕ್ಕೆ ನೀಡಿದ ಕಾಲುಗಳ ಮೇಲೆ ಮಲಗಿಯೇ ಮೊದಲ ಎಣ್ಣೆನೀರು ಕಂಡಿವೆ. ನೀರೆರೆದ ಮೇಲೆ ಕೂಸಿನ ಮೂಗಿಗೆ ಬಾಯಿಟ್ಟು ಊದುವುದು ಆಕೆ ಅತ್ತೆಯಿಂದ ಕಲಿತ ಪದ್ಧತಿ. ಗಾದ್ರಮ್ಮ ಊದಿದ ಕೂಸಿಗೆ ನೆಗಡಿ ಸುಳಿಯದೆಂದು ಊರು ನಂಬಿತ್ತು. ಅದನ್ನು ಆಕೆಯೂ ನಂಬಿದ್ದಳು. ಸ್ವಂತ ಮೊಮ್ಮಗ ಹುಟ್ಟಿದಾಗ ಲಸಿಕೆಗೆ ಕರೆಯಲು ಬಂದ ಆಶಾ ಕಾರ್ಯಕರ್ತೆಯನ್ನು, "ನನ್ನ ಉಸಿರು ಸಾಲದೇನೇ?" ಎಂದು ನಕ್ಕು ಕಳುಹಿಸಿದಳು.

ನಾಲ್ಕನೆಯ ತಿಂಗಳಲ್ಲಿ ಆ ಕೂಸು ನ್ಯುಮೋನಿಯಾದಿಂದ ತೀರಿಕೊಂಡಿತು.

ದಾವಣಗೆರೆಯ ವೈದ್ಯರು ಆಕೆಯನ್ನು ಕೂರಿಸಿಕೊಂಡು ಹೇಳಿದರು: "ಅಜ್ಜಿ, ಈ ರೋಗಾಣು ಗಟ್ಟಿಮುಟ್ಟಾಗಿರೋರ ಮೂಗು, ಗಂಟಲಲ್ಲೂ ಸದ್ದಿಲ್ಲದೆ ಮನೆ ಮಾಡಿರುತ್ತೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಹೆಚ್ಚು. ಎಳೆಗೂಸಿನ ಎದೆಗೆ ಇಳಿದರೆ ಕಷ್ಟ. ಅದನ್ನ ತಡೆಯೋಕೇ ಒಂದೂವರೆ ತಿಂಗಳಿಂದ ಲಸಿಕೆ ಹಾಕೋದು. ಯಾರಿಂದ ಬಂತು ಅಂತ ಯಾರೂ ಹೇಳೋಕಾಗಲ್ಲ." ಆ ಕೊನೆಯ ಮಾತು ಆಕೆಗೆ ಸಮಾಧಾನ ಕೊಡಲಿಲ್ಲ. ಅಂದಿನಿಂದ ಯಾವ ಕೂಸಿನ ಮೂಗಿಗೂ ಬಾಯಿಡಲಿಲ್ಲ.

ಕಳೆದ ವರ್ಷ ಅಡಿಕೆ ವ್ಯಾಪಾರದ ಮನೆಯ ಕೊಟ್ರಮ್ಮನ ಸೊಸೆ ಹೇಮಾವತಿಗೆ ಎರಡನೆಯ ಕೂಸು. ಒಂದೂವರೆ ತಿಂಗಳು ತುಂಬಿತು. ಹಿರಿಯವಳು ಧನುಶ್ರೀಗೆ ಹಿಂದೆ ಚುಚ್ಚುಮದ್ದಿನಿಂದ ಜ್ವರ ಬಂದಿತ್ತೆಂದು ಕೊಟ್ರಮ್ಮ ಈ ಸಲ ಖಂಡಿತವಾಗಿ ಬೇಡವೆಂದಳು. ಅಂಗನವಾಡಿಯಲ್ಲಿ ಲಸಿಕೆ ಹಾಕುವ ಗುರುವಾರಗಳಂದು ಆಶಾ ಕಾರ್ಯಕರ್ತೆ ಎರಡು ಬಾರಿ ಬಂದು ಬರಿಗೈಲಿ ಮರಳಿದಳು. ಮೂರನೆಯ ಗುರುವಾರ ಬೆಳಿಗ್ಗೆ ಗಾದ್ರಮ್ಮ ಕೂಸಿಗೆ ಎಣ್ಣೆ ಹಚ್ಚಿ ಹೇಮಾವತಿಯ ಕೈಗಿತ್ತಳು. ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕುಳಿತವಳು ಕಾಲು ಮಡಚಿಕೊಂಡಳು. ಆ ಮನೆ ತಪ್ಪಿದರೆ ಅವರ ನೆಂಟರ ಹತ್ತು ಮನೆಗಳೂ ತಪ್ಪುತ್ತವೆಂಬುದು ಆಕೆಗೆ ತಿಳಿದಿತ್ತು.

"ಕಾಲು ನೀಡೇ, ನೀರು ಆರ್ತಾ ಐತೆ" ಎಂದಳು ಕೊಟ್ರಮ್ಮ.

"ನೀಡಲ್ಲ ಅಮ್ಮಾರೆ. ಇವತ್ತು ಅಂಗನವಾಡಿಯಾಗೆ ಸೂಜಿ ಹಾಕಿಸ್ತೀನಿ ಅನ್ರಿ, ಈಗ್ಲೇ ಎರಿತೀನಿ."

"ಎರೆಯಾಕೆ ಬಂದೋಳು ಡಾಕ್ಟ್ರಾಗಿಬಿಟ್ಟೆಯೇನೇ? ನಿನ್ನ ಕಾಲೇನು ಬಂಗಾರದ್ದಾ? ತ್ಯಾವಣಿಗೆಯಿಂದ ಬೇರೇರನ್ನ ಕರೆಸ್ತೀನಿ."

"ಕರೆಸ್ರಿ. ಅವಳೂ ಊದ್ತಾಳೆ. ನಾನೂ ಊದಿದ್ದೆ."

ಕೊಟ್ರಮ್ಮ ತಡವರಿಸಿದಳು. "ಧನುಗೆ ಎರಡು ದಿನ ಮೈ ಕೆಂಡ ಆಗಿತ್ತಲ್ಲೇ!"

"ಎರಡು ದಿನಕ್ಕೆ ಇಳೀತಲ್ರಿ. ಅಗೋ ನೋಡ್ರಿ, ಧನು ಸುಂಬಳ ಸುರಿಸ್ಕಂತಾ ತಮ್ಮಂಗೆ ಮುತ್ತು ಕೊಡ್ತಾ ಐತೆ. ಅದಕ್ಕೇನೂ ಆಗಿಲ್ಲ, ಆಡ್ಕಂಡೈತೆ. ಅದರ ಮೂಗಿನಾಗಿರೋದು ಇದರ ಎದೆಗಿಳಿದ್ರೆ?"

"ಶಿವ ಇಟ್ಟಂಗೆ ಆಗ್ತೈತೆ."

"ಶಿವ ಉಸಿರೂ ಕೊಟ್ಟಾನೆ, ಅದನ್ನ ಕಾಯಾಕೆ ಬುದ್ಧಿನೂ ಕೊಟ್ಟಾನೆ ರೀ. ನಾನು ಬುದ್ಧಿನ ಬಾಗಿಲಾಚೆ ಕಳಿಸಿ ಕೂಸನ್ನ ಮಣ್ಣಿಗಿಟ್ಟು ಬಂದೆ. ನಿಮ್ಮ ಕೂಸನ್ನ ಈ ಕಾಲಮ್ಯಾಗೆ ಹಾಕ್ಕಂಡು ಇನ್ನೊಂದ್ಸಲ ಸುಮ್ನಿರಲ್ಲ."

ಅತ್ತೆಗೆ ಎಂದೂ ಎದುರಾಡದ ಹೇಮಾವತಿ ಒಳಗಿನಿಂದ ಲಸಿಕೆಯ ಸರದಿ ಬರೆದ ತಾಯಿ ಕಾರ್ಡ್ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅತ್ತೀ, ನಾನು ಹೋಗ್ತೀನಿ" ಎಂದಳು, ಅಷ್ಟೇ.

ಕೊಟ್ರಮ್ಮ ಸೊಸೆಯನ್ನು ನೋಡಿದಳು, ಗಾದ್ರಮ್ಮನ ಒದ್ದೆ ಕಣ್ಣುಗಳನ್ನು ನೋಡಿದಳು. ಬಳಿಕ ಗದರಿದಳು: "ಎಣ್ಣೆಮೈಯಾಗೆ ಕೂಸನ್ನ ಹೊರಗೆ ಕಳಿಸ್ತಾರೇನ್ರೇ? ಕಾಲು ನೀಡೇ ಗಾದ್ರಿ!"

ಗಾದ್ರಮ್ಮ ಕಾಲು ನೀಡಿದಳು. ನೀರೆರೆದ ಮೇಲೆ ಕೂಸಿನ ಮೂಗನ್ನು ಊದದೆ ಮೆತ್ತನೆಯ ಬಟ್ಟೆಯ ತುದಿಯಿಂದ ಒರೆಸಿದಳು.

ಲಸಿಕೆ ಹಾಕಿಸಿಕೊಂಡು ಬಂದ ಕೂಸಿಗೆ ಅಂದು ಸಂಜೆ ಮೈ ಬೆಚ್ಚಗಾಯಿತು. ಕೊಟ್ರಮ್ಮ ಗಾದ್ರಮ್ಮನನ್ನು ಬೈಯುತ್ತಲೇ ತೊಟ್ಟಿಲ ಬಳಿ ಕುಳಿತಳು. ಮರುದಿನ ಜ್ವರ ಇಳಿದಿತ್ತು. ಮುಂದಿನ ಸರದಿಗೆ ಕೂಸನ್ನು ಎತ್ತಿಕೊಂಡು ಹೋದವಳು ಕೊಟ್ರಮ್ಮನೇ.

ಬಂಧುಗಳೇ, ನಿಮ್ಮ ತೊಟ್ಟಿಲಲ್ಲಿ ಕೂಸಿದ್ದರೆ ಇಂದೇ ತಾಯಿ ಕಾರ್ಡ್ ತೆರೆದು ನೋಡಿರಿ. ತಪ್ಪಿದ ಸರದಿಯಿದ್ದರೆ ಬರುವ ಗುರುವಾರ ಹೋಗಿರಿ. ಯಾರಾದರೂ ಅಡ್ಡ ನಿಂತರೆ ಅಂಜಬೇಡಿರಿ. ಗಾದ್ರಮ್ಮನಂತೆ ನೀವೂ ಕಾಲು ಮಡಚಿ ಕುಳಿತುಬಿಡಿರಿ.