ಟೈಲರಕ್ಕ ತೆಗೆದ ಅಮ್ಮನ ಫೋಟೊ

ನಾಲ್ಕು ಗುಂಡುಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಮಾತಾಡುತ್ತಿದ್ದರು ನಮ್ಮ ಟೈಲರಕ್ಕ. ಒಂದು ಪಿನ್ನೂ ಬೀಳುತ್ತಿರಲಿಲ್ಲ. ಕೊರಳಲ್ಲಿ ಅಳತೆ ಟೇಪು, ಸೊಂಟದಲ್ಲಿ ರವಿಕೆ ಬಟ್ಟೆಯ ಉಳಿಕೆಯಿಂದ ಹೊಲಿದುಕೊಂಡ ಹಸಿರು ಚೀಲ. ಅದರಲ್ಲಿ ಸೀಮೆಸುಣ್ಣ, ಕತ್ತರಿ ಇರಬೇಕೆಂದುಕೊಂಡಿದ್ದೆ. ಇದ್ದದ್ದು ಅಂಗೈಯಗಲದ ಕ್ಯಾಮೆರಾ.

ಅದುವರೆಗೆ ಚಿಂತಾಮಣಿಯ ನಮ್ಮ ಬೀದಿಯಲ್ಲಿ ಕ್ಯಾಮೆರಾ ಎಂದರೆ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಡಿಎಸ್‌ಎಲ್‌ಆರ್, ಎರಡು ಲೆನ್ಸು, ಸ್ಟ್ಯಾಂಡು ಎಲ್ಲವನ್ನೂ ಹೊತ್ತು ಅಂಬಾಜಿದುರ್ಗ ಹತ್ತಿದವಳು. ಟೈಲರಕ್ಕನದು ಅವರ ತಮ್ಮ ಬಳಸಿ ಬಿಟ್ಟ ಪುಟ್ಟ ಕ್ಯಾಮೆರಾ. ಅದರಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ ಗುಂಡಿ. ಆದರೂ ಬೀದಿಯವರೆಲ್ಲ ಅವರ ಫೋಟೊಗಳನ್ನೇ ಪ್ರಿಂಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ನನ್ನವು ಕಂಪ್ಯೂಟರಿನಲ್ಲೇ ಕೊಳೆಯುತ್ತಿದ್ದವು. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಅವರ ಆ ಹಸಿರು ಚೀಲ ಕಂಡರೇ ಮೈ ಉರಿಯುತ್ತಿತ್ತು.

ಗುಟ್ಟು ಅವರ ಕಸುಬಿನಲ್ಲೇ ಇತ್ತು. ಟೇಪು ಹತ್ತಿರ ಬಂದರೆ ಸಾಕು, ಯಾರೇ ಆಗಲಿ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗಾಗುತ್ತಾರೆ. ಆ ಅಳತೆಗೆ ಹೊಲಿದರೆ ಊಟವಾದ ಮೇಲೆ ರವಿಕೆಯ ಹುಕ್ಕು ಕೂಡುವುದಿಲ್ಲ. ಅದಕ್ಕೇ ಟೈಲರಕ್ಕ ಟೇಪು ಸುತ್ತಿ, ಅದನ್ನು ನೋಡದೆ, "ಇವತ್ತೇನು ಸಾರು ಟೀಚರಮ್ಮ?" ಎನ್ನುತ್ತಿದ್ದರು. ನಾನು "ಬಸ್ಸಾರು ಅಕ್ಕ" ಎನ್ನುವಷ್ಟರಲ್ಲಿ ಮೈ ಸಡಿಲವಾಗಿರುತ್ತಿತ್ತು. ಆಗ ಟೇಪು ನೋಡುತ್ತಿದ್ದರು.

"ಈಗ ಬಂದ್ರಿ ನೋಡಿ ನೀವು. ಇಷ್ಟೊತ್ತು ಬೇರೆ ಯಾರೋ ನಿಂತಿದ್ರು."

ಕ್ಯಾಮೆರಾ ಹಿಡಿಯುತ್ತಿದ್ದದ್ದೂ ಹೀಗೆಯೇ.

ನನ್ನ ಅಮ್ಮನೋ, ನನ್ನ ಕ್ಯಾಮೆರಾ ಕಂಡರೆ ಒಳಗೆ ಓಡಿ ಸೀರೆ ಬದಲಾಯಿಸಿ, ಕುಂಕುಮ ತಿದ್ದಿಕೊಂಡು, ರೇಷನ್ ಕಾರ್ಡಿಗೆ ಫೋಟೊ ಹಿಡಿಸುವವಳಂತೆ ನಿಲ್ಲುತ್ತಿದ್ದಳು. "ನಗು ಅಮ್ಮ" ಎಂದರೆ ಹಲ್ಲು ತೋರಿಸುತ್ತಿದ್ದಳು, ಅಷ್ಟೇ. ಅದೇ ಅಮ್ಮ ಒಂದು ದಿನ ಟೈಲರಕ್ಕನ ಅಂಗಡಿ ಮೆಟ್ಟಿಲ ಮೇಲೆ ಅವರೆಕಾಯಿ ಬಿಡಿಸುತ್ತಾ, ಅವರ ಯಾವುದೋ ಮಾತಿಗೆ ತಲೆ ಹಿಂದಕ್ಕೆ ಚೆಲ್ಲಿ ನಕ್ಕಿದ್ದಾಳೆ. ಸೆರಗು ಜಾರಿದೆ, ಮಡಿಲ ತುಂಬ ಸಿಪ್ಪೆ, ಮುಂದಿನ ಎರಡು ಹಲ್ಲಿಲ್ಲ. ಟೈಲರಕ್ಕ ಆ ಫೋಟೊ ತೋರಿಸಿದಾಗ "ಸ್ವಲ್ಪ ಅಲ್ಲಾಡಿದೆ" ಎಂದಿದ್ದೆ. ಎಂಥ ಕೆಟ್ಟ ನಾಲಿಗೆ ನನ್ನದು!

ಆರೇ ತಿಂಗಳಿಗೆ ಅಮ್ಮ ಹೋದಳು. ಹಾರ ಹಾಕುವುದಕ್ಕೆಂದು ನಾನು ತೆಗೆದ ಫೋಟೊಗಳನ್ನೆಲ್ಲ ನನ್ನ ತಮ್ಮನ ಮುಂದೆ ಹರಡಿದೆ. ಒಂದೊಂದೇ ನೋಡಿ, "ಇವ್ಯಾವುದೂ ಅಮ್ಮ ಅಲ್ಲ ಕಣೇ" ಎಂದು ಅತ್ತ. ಗೋಡೆಗೇರಿದ್ದು ಟೈಲರಕ್ಕನ ಫೋಟೊ.

ಹನ್ನೊಂದನೆಯ ದಿನದ ತಿಥಿಗೆ ಗೌರಿಬಿದನೂರಿನಿಂದ ಬಂದ ಚಿಕ್ಕಮ್ಮ ಅದರ ಮುಂದೆ ನಿಂತುಬಿಟ್ಟಳು. "ಅಕ್ಕ ಎದ್ದು ಬರೋ ಹಾಗಿದಾಳಲ್ಲೇ! ನೀನೇ ತೆಗೆದಿದ್ದಾ?"

"ಹೂಂ ಚಿಕ್ಕಮ್ಮ."

ಅಂದುಬಿಟ್ಟೆ. ತಿರುಗಿದರೆ, ಮಜ್ಜಿಗೆ ಪಾತ್ರೆ ಹಿಡಿದು ಟೈಲರಕ್ಕ ನಿಂತಿದ್ದಾರೆ. ಅವರು ನನ್ನನ್ನೊಮ್ಮೆ ನೋಡಿ, "ಹೌದಮ್ಮ, ಟೀಚರಮ್ಮನ ಕೈ ಅಂದ್ರೆ ಕೈ" ಎಂದು ಚಿಕ್ಕಮ್ಮನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದರು. ಬೈದಿದ್ದರೆ ಎಷ್ಟೋ ಸುಖವಾಗಿತ್ತು. ಒಳ್ಳೆಯತನದಲ್ಲೂ ನನ್ನನ್ನು ಮೀರಿಸಿದರಲ್ಲ ಎಂದು, ನಾಚಿಕೆಯ ಜೊತೆಗೆ ಅದಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ನನಗೆ ಕತ್ತುನೋವು ಬಂತು. ಭಾರದ ಬ್ಯಾಗು ಹೊರಲೇಬಾರದು ಎಂದರು ಡಾಕ್ಟರು. ದಿನಾ ಕೈಚೀಲದಲ್ಲಿಟ್ಟುಕೊಳ್ಳುವಂಥ ಸಣ್ಣ ಕ್ಯಾಮೆರಾ ಕೊಳ್ಳಲು ಎರಡು ಪುಟ ಪಟ್ಟಿ ಬರೆದುಕೊಂಡೆ. ಚಿಕ್ಕಬಳ್ಳಾಪುರದ ಅಂಗಡಿಗೆ ಕೊನೆಗೆ ಕರೆದುಕೊಂಡು ಹೋದದ್ದು ಯಾರನ್ನು? ಅವರನ್ನೇ. ನನ್ನ ಪಟ್ಟಿಯತ್ತ ಅವರು ಕಣ್ಣೆತ್ತಿಯೂ ನೋಡಲಿಲ್ಲ. ಒಂದೊಂದನ್ನೂ ತಮ್ಮ ಹಸಿರು ಚೀಲಕ್ಕೆ ಹಾಕಿ, ಒಂದೇ ಕೈಯಲ್ಲಿ ಸರಕ್ಕನೆ ಹೊರಗೆಳೆದು ನೋಡಿದರು.

"ಇದು ಕಣ್ಣು ಬಿಡೋ ಹೊತ್ಗೆ ನಗು ಮುಗ್ದೋಗಿರ್ತದೆ, ಬೇಡ. ಇದು ಕುಯ್ ಅಂತದಲ್ಲ ಸಾರ್, ಬಾಯಿ ಮುಚ್ಸೋಕಾಗಲ್ವಾ?"

ಅಂಗಡಿಯವರೂ ನನ್ನ ಪ್ರಶ್ನೆಗಳನ್ನು ಬಿಟ್ಟು ಅವರಿಗೇ ಉತ್ತರಿಸತೊಡಗಿದರು. ಖುಷಿಯಾದರೆ ಅವರಿಗೆ ತೆಲುಗೇ ಮೊದಲು ಬರುತ್ತಿತ್ತು. ಐದನೆಯದನ್ನು ಹಿಡಿದು "ಇದಿ ಬಾಗುಂದಿ ಟೀಚರಮ್ಮ, ಇದನ್ನೇ ತಗೊಳ್ಳಿ" ಎಂದರು. ತೆಗೆದುಕೊಂಡೆ. ಮರುದಿನವೇ ನನ್ನ ನೀಲಿ ರವಿಕೆಯ ಉಳಿಕೆಯಲ್ಲಿ ಅದಕ್ಕೊಂದು ಚೀಲ ಹೊಲಿದುಕೊಟ್ಟರು. ತಿಥಿಯ ದಿನದ ಸುಳ್ಳಿಗೆ ತಪ್ಪಾಯಿತು ಅಕ್ಕ ಎನ್ನಬೇಕೆಂದು ಹೋದವಳು, ಥ್ಯಾಂಕ್ಸ್ ಎಂದಷ್ಟೇ ಹೇಳಿ ಬಂದೆ.

ಹೋದ ವರ್ಷ ಮಿಷನ್ನಿನ ಮುಂದೆ ಕೂತಲ್ಲೇ ಅವರ ಎದೆಬಡಿತ ನಿಂತಿತು. ತಪ್ಪಾಯಿತು ಎನ್ನುವ ಮಾತು ಹೇಳದೆಯೇ ಉಳಿಯಿತು.

ಮೊನ್ನೆ ಚಿಕ್ಕಮ್ಮ ತನ್ನ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಗೋಡೆ ತೋರಿಸಿ, "ನೋಡು, ಇವಳೇ ತೆಗೆದಿದ್ದು" ಎಂದಳು.

"ಇಲ್ಲ ಚಿಕ್ಕಮ್ಮ. ಸುಳ್ಳು ಹೇಳಿದ್ದೆ. ಅದು ನಮ್ಮ ಟೈಲರಕ್ಕ ತೆಗೆದಿದ್ದು."

ಚಿಕ್ಕಮ್ಮ ನನ್ನ ಕೆನ್ನೆ ತಟ್ಟಿದಳು. "ಸುಮ್ನಿರೇ, ಅವತ್ತು ಆಯಮ್ಮನೇ ನನ್ನೆದುರು ಹೇಳಲಿಲ್ವಾ, ನಿನ್ನ ಕೈ ಅಂತ? ಎಷ್ಟು ಸಂಕೋಚ ಅಂತೀನಿ ಇವಳಿಗೆ!" ಸೊಸೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು.

ಗೋಡೆಯ ಮೇಲೆ ಅಮ್ಮ ನಗುತ್ತಿದ್ದಳು, ಟೈಲರಕ್ಕನ ಕಡೆ ನೋಡಿಕೊಂಡು.